2020ರಲ್ಲಿ ಅರ್ಧಕ್ಕೆ ನಿಂತ ಎನ್‌ಎಚ್‌ಎಲ್ ಸೀಸನ್: ನಷ್ಟ ಕೊನೆಗೆ ಯಾರ ತಲೆಗೆ ಬಂತು?

ಬ್ರ್ಯಾಂಪ್ಟನ್_ಬಸವನಗುಡಿ
ಎಲ್ಲರಿಗೂ ನಮಸ್ಕಾರ. ನಾನು ಕೆನಡಾಕ್ಕೆ ಬಂದಿದ್ದು ಕೊರೋನಾ ಮುಗಿದ ಮೇಲೆ. ಆಫೀಸಿನವರ ಜೊತೆ ನೋಡಿ ನೋಡಿ ಐಸ್ ಹಾಕಿ ಹುಚ್ಚು ಹಿಡಿದಿದೆ, ಅದರಲ್ಲೂ ಅಮೆರಿಕ-ಕೆನಡಾದ ದೊಡ್ಡ ಲೀಗ್ ಎನ್‌ಎಚ್‌ಎಲ್. ಒಂದು ಲೆಕ್ಕ ಮಾತ್ರ ತಲೆಗೆ ಹತ್ತುತ್ತಿಲ್ಲ.

ಒಂದು ಟೀಮ್ ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಅನ್ನುವ ಮಿತಿ ಇದೆಯಲ್ಲ, ಸ್ಯಾಲರಿ ಕ್ಯಾಪ್, ಅದು 2019-20ರಲ್ಲಿ 81.5 ಮಿಲಿಯನ್ ಡಾಲರ್ ಇತ್ತು. 2023-24ರಲ್ಲಿ 83.5. ನಾಲ್ಕು ವರ್ಷದಲ್ಲಿ ಬರೀ 2 ಮಿಲಿಯನ್ ಏರಿದೆ. ಆಮೇಲೆ ನೋಡಿದರೆ 88, ಅದರ ಮುಂದಿನ ವರ್ಷ 95.5! ಯಾಕೆ ಅಂತ ಕೇಳಿದರೆ ಎಲ್ಲರೂ ಕೋವಿಡ್ ಅಂತಾರೆ.

ಆದರೆ 2020ರ ಮಾರ್ಚ್ 12ಕ್ಕೆ ಸೀಸನ್ ನಿಂತಾಗ ಬಾಕಿ ಇದ್ದದ್ದು 189 ಪಂದ್ಯ. ಸಾವಿರಕ್ಕೂ ಜಾಸ್ತಿ ಪಂದ್ಯ ಆಗಲೇ ಮುಗಿದಿತ್ತು. ಪ್ಲೇಆಫ್ ಕೂಡ ಆಗಸ್ಟಿನಲ್ಲಿ ಶುರು ಮಾಡಿ ಮುಗಿಸಿದರು, ಲೀಗಿನ ಸ್ಟ್ಯಾನ್ಲಿ ಕಪ್ ಟ್ಯಾಂಪಾ ಟೀಮಿಗೆ ಹೋಯಿತು. ಇಷ್ಟಕ್ಕೆ ನಾಲ್ಕು ವರ್ಷ ಒದ್ದಾಡುವಂಥದ್ದು ಏನಾಯಿತು? ನಷ್ಟ ಹೊತ್ತವರು ಮಾಲೀಕರಾ, ಆಟಗಾರರಾ? ಆಫೀಸಿನಲ್ಲಿ ಇಬ್ಬರು ಎರಡು ಥರ ಹೇಳುತ್ತಾರೆ.

ಲೆಕ್ಕದ_ಮೇಷ್ಟ್ರು
ಒಳ್ಳೆ ಪ್ರಶ್ನೆ. ಬುಡದಿಂದ ಹೇಳುತ್ತೇನೆ.

2012-13ರ ಲಾಕೌಟ್ ಆದ ಮೇಲೆ ಆದ ಒಪ್ಪಂದದ ಪ್ರಕಾರ ಹಾಕಿಯಿಂದ ಬರುವ ಆದಾಯದಲ್ಲಿ ಮಾಲೀಕರಿಗೆ ಅರ್ಧ, ಆಟಗಾರರಿಗೆ ಅರ್ಧ. ಕಷ್ಟ ಏನೆಂದರೆ, ಆಟಗಾರನ ಸಂಬಳ ಕಾಂಟ್ರಾಕ್ಟಿನಲ್ಲಿ ಮೊದಲೇ ಬರೆದಾಗಿರುತ್ತದೆ. ಆದಾಯ ಎಷ್ಟು ಅಂತ ಗೊತ್ತಾಗುವುದು ವರ್ಷ ಮುಗಿದ ಮೇಲೆ. ಅದಕ್ಕೇ ಪ್ರತಿ ಚೆಕ್ಕಿನಿಂದ ಒಂದಿಷ್ಟು ಹಿಡಿದು ಬೇರೆ ಖಾತೆಯಲ್ಲಿ ಇಡುತ್ತಾರೆ. ಇದೇ ಎಸ್ಕ್ರೋ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಕೊಡುವ ಅಡ್ವಾನ್ಸ್ ಇದ್ದ ಹಾಗೆ ಅಂದುಕೊಳ್ಳಿ. ಮನೆ ಬಿಡುವಾಗ ಪೇಂಟಿಂಗಿಗೆ ಇಷ್ಟು ಅಂತ ಮುರಿದುಕೊಂಡು ಉಳಿದದ್ದು ವಾಪಸ್ ಕೊಡುತ್ತಾರಲ್ಲ, ಹಾಗೆ.

ಈಗ 2020ಕ್ಕೆ ಬನ್ನಿ. ಮಾರ್ಚ್ 12ರ ಹೊತ್ತಿಗೆ ಆಟಗಾರರಿಗೆ ವರ್ಷದ ಸಂಬಳ ಹೆಚ್ಚೂಕಡಿಮೆ ಸಂದಾಯ ಆಗಿತ್ತು. ಆದಾಯ ಮಾತ್ರ ಅಲ್ಲೇ ನಿಂತುಹೋಯಿತು. ಅಂದರೆ ಆಟಗಾರರು ತಮ್ಮ ಅರ್ಧಕ್ಕಿಂತ ಜಾಸ್ತಿ ತೆಗೆದುಕೊಂಡ ಹಾಗಾಯಿತು. ಎಸ್ಕ್ರೋದಲ್ಲಿ ಇದ್ದ ದುಡ್ಡು ಸಾಕಾಗಲಿಲ್ಲ. ಉಳಿದದ್ದು ಮಾಲೀಕರಿಗೆ ಆಟಗಾರರು ಕೊಡಬೇಕಾದ ಸಾಲ ಆಯಿತು.

ಆ ಸಾಲವನ್ನು ಒಂದೇ ವರ್ಷದಲ್ಲಿ ವಸೂಲಿ ಮಾಡಿದ್ದರೆ ಆಟಗಾರರ ಕೈಗೆ ಅರ್ಧ ಸಂಬಳವೂ ಸಿಗುತ್ತಿತ್ತೋ ಇಲ್ಲವೋ. ಅದಕ್ಕೆ 2020ರ ಜುಲೈಯಲ್ಲಿ ಹೊಸ ಒಪ್ಪಂದ ಮಾಡಿಕೊಂಡರು. ಎಸ್ಕ್ರೋಗೆ ಮೊದಲ ವರ್ಷ 20% ಮಿತಿ, ಇಳಿಯುತ್ತಾ 2022-23ಕ್ಕೆ 10%, ಆಮೇಲೆ 6%. ಬದಲಿಗೆ ಕ್ಯಾಪ್ 81.5ರಲ್ಲೇ ನಿಲ್ಲಬೇಕು, ಸಾಲ ತೀರುವವರೆಗೆ ಆಮೇಲೂ ವರ್ಷಕ್ಕೆ 1 ಮಿಲಿಯನ್ ಅಷ್ಟೇ ಏರಬೇಕು. ನೀವು ನೋಡಿದ 82.5, 83.5 ಬಂದಿದ್ದು ಇಲ್ಲಿಂದ.

ಹಾಸನದ_ಹುಡುಗ
ಸಾರ್, ಮಿಲಿಯನ್ ಬಿಟ್ಟು ಕೋಟಿಯಲ್ಲಿ ಹೇಳಿ ಪ್ಲೀಸ್.

ಲೆಕ್ಕದ_ಮೇಷ್ಟ್ರು
81.5 ಮಿಲಿಯನ್ ಅಂದರೆ 8 ಕೋಟಿ 15 ಲಕ್ಷ ಡಾಲರ್. ಒಂದು ಟೀಮಿಗೆ, ಒಂದು ವರ್ಷಕ್ಕೆ. ಆಗ 31 ಟೀಮ್ ಇದ್ದವು.

ಕ್ಯಾಲ್ಗರಿ_ಚಳಿ
ಮೇಷ್ಟ್ರು ಹೇಳಿದ್ದು ಸರಿ, ಆದರೆ 189 ಪಂದ್ಯವನ್ನೇ ಹಿಡಿದುಕೊಂಡು ಕೂತರೆ ಚಿತ್ರ ಪೂರ್ತಿ ಆಗಲ್ಲ. ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಎರಡು ಕಡೆ.

ಒಂದು, ಪ್ಲೇಆಫ್. ಆಟಗಾರರ ಸಂಬಳ ರೆಗ್ಯುಲರ್ ಸೀಸನ್ನಿಗೇ ಮುಗಿಯುತ್ತದೆ. ಪ್ಲೇಆಫಿಗೆ ಬೋನಸ್ ಅಷ್ಟೇ. ಹಾಗಾಗಿ ಪ್ಲೇಆಫ್ ಟಿಕೆಟ್ ದುಡ್ಡು ಮಾಲೀಕರಿಗೆ ವರ್ಷದ ಅತಿ ಒಳ್ಳೆ ದುಡ್ಡು. 2020ರಲ್ಲಿ 24 ಟೀಮುಗಳನ್ನು ಟೊರೊಂಟೊ, ಎಡ್ಮಂಟನ್ ಎರಡೇ ಊರಿನಲ್ಲಿ ಬಬಲ್ ಮಾಡಿ ಕೂರಿಸಿದರು. ಹೋಟೆಲ್, ಊಟ, 33,174 ಕೋವಿಡ್ ಟೆಸ್ಟ್, ಎಲ್ಲಾ ಖರ್ಚೇ. ಒಂದು ಟಿಕೆಟ್ ಕೂಡ ಮಾರಲಿಲ್ಲ. ಒಂದು ಟೆಸ್ಟ್ ಕೂಡ ಪಾಸಿಟಿವ್ ಬರಲಿಲ್ಲ ಅನ್ನುವುದು ನಿಜವಾಗಿಯೂ ದೊಡ್ಡ ಸಾಧನೆ, ಆದರೆ ಅದರಿಂದ ಗಲ್ಲಾ ತುಂಬಲ್ಲ.

ಎರಡು, ಮುಂದಿನ ಸೀಸನ್. 2021ರ ಜನವರಿ 13ಕ್ಕೆ ಶುರು, 82ರ ಬದಲು 56 ಪಂದ್ಯ. ಗಡಿ ಮುಚ್ಚಿತ್ತು, ಕೆನಡಾದ ಏಳು ಟೀಮ್ ಅವರವರೇ ಆಡಿಕೊಂಡರು. ಇಲ್ಲಿ ರೆಗ್ಯುಲರ್ ಸೀಸನ್ ಪೂರ್ತಿ ಖಾಲಿ ಕುರ್ಚಿ. ಮಾಂಟ್ರಿಯಲ್ ಫೈನಲ್ ತಲುಪಿದಾಗಲೂ ಬೆಲ್ ಸೆಂಟರಿಗೆ 3,500 ಜನರನ್ನಷ್ಟೇ ಬಿಟ್ಟರು. ಅದು 21 ಸಾವಿರ ಜನ ಹಿಡಿಸುವ ಜಾಗ. 2021ರ ಡಿಸೆಂಬರಿನಲ್ಲಿ ಒಮಿಕ್ರಾನ್ ಬಂದಾಗ ಅಲ್ಲಿ ಮತ್ತೆ ಜನರಿಲ್ಲದೆ ಪಂದ್ಯ ಆಡಿಸಿದರು.

ಸೀಸನ್ ನಿಂತಿದ್ದು ಒಂದು ದಿನ. ದುಡ್ಡು ನಿಂತಿದ್ದು ಎರಡು ವರ್ಷ.

ಸ್ಯಾನ್‌ಹೋಸೆ_ಸಿರಿ
ಇದಕ್ಕೆ ಟಿವಿ ಲೆಕ್ಕವನ್ನೂ ಸೇರಿಸಿ, ಅದಿಲ್ಲದೆ ಅರ್ಥ ಆಗಲ್ಲ. ಅಮೆರಿಕನ್ ಫುಟ್ಬಾಲಿನಲ್ಲಿ ಕುರ್ಚಿ ಖಾಲಿ ಇದ್ದರೂ ಟಿವಿ ದುಡ್ಡಿನಲ್ಲೇ ಸಂಬಳ ಹುಟ್ಟುತ್ತದೆ. ಹಾಕಿಯಲ್ಲಿ ಹಾಗಿಲ್ಲ. ಆಗ ಅಮೆರಿಕದ ಎನ್‌ಬಿಸಿ ಚಾನೆಲ್ ಜೊತೆ ಇದ್ದ ಒಪ್ಪಂದ ವರ್ಷಕ್ಕೆ ಸುಮಾರು 200 ಮಿಲಿಯನ್. 31 ಟೀಮಿಗೆ ಹಂಚಿ ನೋಡಿ, ಒಂದಕ್ಕೆ ಆರೂವರೆ ಮಿಲಿಯನ್ ಹತ್ತಿರ ಬರುತ್ತದೆ. ಒಬ್ಬ ಒಳ್ಳೆ ಡಿಫೆನ್ಸ್ ಆಟಗಾರನ ಸಂಬಳ! ಕೆನಡಾದ ರಾಜರ್ಸ್ ಕಂಪನಿಯ ಟಿವಿ ದುಡ್ಡು, ಲೋಕಲ್ ಟಿವಿ ದುಡ್ಡು ಸೇರಿಸಿದರೂ ಹೊಟ್ಟೆ ತುಂಬಲ್ಲ. ಅರೀನಾಗೆ ಬರುವ ಜನರಿಂದಲೇ ಆದಾಯದ ಅರ್ಧದಷ್ಟು ಬರುತ್ತದೆ ಅಂತ ಕಮಿಷನರ್ ಗ್ಯಾರಿ ಬೆಟ್‌ಮನ್ನೇ ಹೇಳಿದ್ದರು. ಟಿಕೆಟ್, ಬಿಯರ್, ಪಾರ್ಕಿಂಗ್, ಜೆರ್ಸಿ ಎಲ್ಲಾ ಸೇರಿ.

ನಮ್ಮೂರೇ ಮೊದಲು ಬಾಗಿಲು ಹಾಕಿಸಿದ್ದು. ಸೀಸನ್ ನಿಲ್ಲುವುದಕ್ಕೆ ಕೆಲವು ದಿನ ಮುಂಚೆ ಸಾಂಟಾ ಕ್ಲಾರಾ ಕೌಂಟಿ ಸಾವಿರ ಜನಕ್ಕಿಂತ ಜಾಸ್ತಿ ಸೇರಬಾರದು ಅಂತ ಆದೇಶ ಹೊರಡಿಸಿತು. ಅದಕ್ಕೂ ಮೊದಲು ಗುಂಪು ಸೇರಬೇಡಿ ಅಂತ ಸಲಹೆ ಕೊಟ್ಟಿದ್ದರು, ಆದರೂ ನಮ್ಮೂರಿನ ಟೀಮ್ ಶಾರ್ಕ್ಸ್ ಪಂದ್ಯ ನಡೆದವು. ಅಲ್ಲಿಗೆ ಆಡಲು ಬಂದಿದ್ದ ಒಟ್ಟಾವಾ ಟೀಮಿನವನೇ ಲೀಗಿನ ಮೊದಲ ಪಾಸಿಟಿವ್ ಆಟಗಾರ. ಮುಂದಿನ ಸೀಸನ್ನಿಗೆ ಶಾರ್ಕ್ಸ್ ತರಬೇತಿ ಶಿಬಿರಕ್ಕೆ ಅರಿಜೋನಾಗೆ ಹೋಗಬೇಕಾಯಿತು, ಇಲ್ಲಿ ಅಭ್ಯಾಸ ಮಾಡಲೂ ಅನುಮತಿ ಇರಲಿಲ್ಲ.

ಟಿಕೆಟ್_ಬಾಬು
ಟಿಕೆಟ್ ದುಡ್ಡು ವಾಪಸ್ ಬಂತಾ ಯಾರಿಗಾದರೂ?

ಸ್ಯಾನ್‌ಹೋಸೆ_ಸಿರಿ
ಮರುಮಾರಾಟದ ಆ್ಯಪಿನಲ್ಲಿ ತೆಗೆದುಕೊಂಡಿದ್ದೆ. ತಿಂಗಳುಗಟ್ಟಲೆ "ಪಂದ್ಯ ಮುಂದೂಡಲಾಗಿದೆ, ರದ್ದಾಗಿಲ್ಲ" ಅಂತಲೇ ತೋರಿಸುತ್ತಿತ್ತು. ರದ್ದು ಅಂತ ಆಗದೆ ರೀಫಂಡ್ ಇಲ್ಲ. ಕೊನೆಗೆ ಬಂತು.

ಎಡ್ಮಂಟನ್_ಸಂಜೆಪಾಳಿ
ಮಾಲೀಕರು, ಆಟಗಾರರು ಅಂತ ಇಬ್ಬರನ್ನೇ ಲೆಕ್ಕಕ್ಕೆ ಹಿಡಿದಿದ್ದೀರಿ. ನಾನು ಆಗ ಸ್ಟೂಡೆಂಟ್. ಸಂಜೆ ಹೊತ್ತು ಅರೀನಾದಲ್ಲಿ ತಿಂಡಿ ಕೌಂಟರಿನಲ್ಲಿ ಕೆಲಸ. ಗಂಟೆ ಲೆಕ್ಕದ ಸಂಬಳ, ಜೊತೆಗೆ ಟಿಪ್ಸ್. ನಿಜವಾದ ದುಡ್ಡು ಟಿಪ್ಸಿನಲ್ಲೇ. ಮೊದಲ ಪೀರಿಯಡ್ ಮುಗಿದು ಗಂಟೆ ಹೊಡೆದರೆ ಸಾಕು, ಹದಿನೆಂಟು ನಿಮಿಷದ ವಿರಾಮದಲ್ಲಿ ಲೈನು ಮೆಟ್ಟಿಲವರೆಗೆ ಹೋಗುತ್ತಿತ್ತು. ನ್ಯಾಚೋಸ್ ಟ್ರೇ, ಚೀಸ್ ಪಂಪು, ಬಿಯರ್ ಕೊಳಾಯಿ, ಕೈ ನಿಲ್ಲುತ್ತಿರಲಿಲ್ಲ. ಪ್ಲೇಆಫ್ ತಿಂಗಳಲ್ಲಿ ಬರುವ ಟಿಪ್ಸಿನಿಂದ ಮುಂದಿನ ಟರ್ಮಿನ ಫೀಸಿಗೆ ಒಂದು ಪಾಲು ಆಗುತ್ತಿತ್ತು.

ಸೀಸನ್ ನಿಂತ ದಿನ ಶಿಫ್ಟ್ ಆ್ಯಪಿನಲ್ಲಿ ನನ್ನ ಹೆಸರಿನ ಮುಂದಿದ್ದ ಎಲ್ಲಾ ಪಾಳಿ ಮಾಯ. ಫೋನಿಲ್ಲ, ಇಮೇಲಿಲ್ಲ. ಟೀಮುಗಳು "ನಮ್ಮ ಅರೀನಾ ನೌಕರರನ್ನು ನೋಡಿಕೊಳ್ಳುತ್ತೇವೆ" ಅಂತ ಹೇಳಿಕೆ ಕೊಟ್ಟವು. ಆದರೆ ಕೌಂಟರಿನವರು ಟೀಮಿನ ನೌಕರರಲ್ಲ, ಗುತ್ತಿಗೆ ಕಂಪನಿಯವರು. ಆ ಹೇಳಿಕೆ ನಮಗೆ ಅನ್ವಯ ಆಗಲಿಲ್ಲ. ಸರ್ಕಾರದ ಸೆರ್ಬ್ ಅಂತ ನಾಲ್ಕು ವಾರಕ್ಕೆ 2,000 ಡಾಲರ್ ಬರುತ್ತಿತ್ತಲ್ಲ, ಅದು ಇಲ್ಲದಿದ್ದರೆ ಬಾಡಿಗೆ ಕಟ್ಟಲು ಆಗುತ್ತಿರಲಿಲ್ಲ.

ಆಗಸ್ಟಿನಿಂದ ಸೆಪ್ಟೆಂಬರ್‌ವರೆಗೆ ಅದೇ ಊರಿನಲ್ಲಿ ಬಬಲ್ ನಡೆಯಿತು. ಒಳಗೆ ಸ್ಟ್ಯಾನ್ಲಿ ಕಪ್ ಫೈನಲ್. ನಮಗೆ ಒಂದು ಪಾಳಿಯೂ ಇಲ್ಲ.

ಹಾಸನದ_ಹುಡುಗ
ಓದಿ ಬೇಜಾರಾಯ್ತು ಗುರು.

ಕ್ಯಾಲ್ಗರಿ_ಚಳಿ
ಇದು ಎಲ್ಲಾ ಊರಿನದ್ದೂ ಕಥೆ. ಫ್ಲೋರಿಡಾ ಪ್ಯಾಂಥರ್ಸ್ ಗೋಲಿ (ಗೋಲ್‌ಕೀಪರ್) ಸೆರ್ಗೆ ಬಾಬ್ರೋವ್‌ಸ್ಕಿ ಅರೀನಾ ಕೆಲಸಗಾರರಿಗೆ ಅಂತ ತನ್ನ ಜೇಬಿನಿಂದ 1 ಲಕ್ಷ ಡಾಲರ್ ಕೊಟ್ಟ. ಟೀಮಿನ ಉಳಿದ ಆಟಗಾರರೂ ಕೈಜೋಡಿಸಿದರು. ಅದನ್ನು ಮರೆಯಬಾರದು.

ಎಡ್ಮಂಟನ್_ಸಂಜೆಪಾಳಿ
ಅವರ ಒಳ್ಳೆತನಕ್ಕೆ ಕೈ ಮುಗಿಯುತ್ತೇನೆ. ಆದರೆ ಪಾಳಿ ಹೋದವರ ಹೊಟ್ಟೆ ಒಬ್ಬ ಗೋಲಿಯ ಮನಸ್ಸಿನ ಮೇಲೆ ನಿಲ್ಲಬಾರದಲ್ವಾ?

ಧಾರವಾಡ_ಟು_ಡೆಟ್ರಾಯಿಟ್
ಒಂದು ಮಾತು ಹೇಳ್ತೀನಿ, ಬೈಬೇಡಿ. ಮಾಲೀಕರನ್ನು ವಿಲನ್ ಮಾಡುವುದು ಸುಲಭ. 2021ರ ಸೀಸನ್ ಶುರುವಾಗುವಾಗ, ಬಾಗಿಲು ಮುಚ್ಚಿ ಕೂತರೆ ನಮಗೆ ಕಡಿಮೆ ನಷ್ಟ ಅಂತ ಬೆಟ್‌ಮನ್ ಬಹಿರಂಗವಾಗಿ ಹೇಳಿದರು. ಎಲ್ಲಾ ಸೇರಿ ನಷ್ಟ ಬಿಲಿಯನ್ ಲೆಕ್ಕದಲ್ಲಿದೆ ಅಂದರು. ಆದರೂ ಆಡಿಸಿದರು. ಆಟಗಾರರಿಗೆ ಸಂಬಳ ಕೊಟ್ಟರು. ಪಂದ್ಯಕ್ಕೆ ತಕ್ಕಂತೆ ಕಡಿತ ಕೂಡ ಮಾಡಲಿಲ್ಲ. ಅದೂ ಒಂದು ಬಗೆಯಲ್ಲಿ ನಷ್ಟ ಹೊತ್ತಂತೆಯೇ.

ಲೆಕ್ಕದ_ಮೇಷ್ಟ್ರು
ಕಡಿತ ಮಾಡಲಿಲ್ಲ ಅನ್ನುವುದು ಅರ್ಧ ಸತ್ಯ ಅಣ್ಣಾ. 2020-21ರಲ್ಲಿ ಪ್ರತಿಯೊಬ್ಬನ ಸಂಬಳದಲ್ಲಿ ಮೊದಲು 10% ಮುಂದೂಡಿದರು. ಅದನ್ನು ಕೆಲವು ವರ್ಷ ಬಿಟ್ಟು ಮೂರು ಕಂತಿನಲ್ಲಿ ಕೊಡುವ ಒಪ್ಪಂದ. ಉಳಿದ 90ರಲ್ಲಿ 20% ಎಸ್ಕ್ರೋಗೆ. ಅಂದರೆ 100 ಡಾಲರ್ ಕಾಂಟ್ರಾಕ್ಟ್ ಇದ್ದವನಿಗೆ ಬಂದದ್ದು 72. ಅದರ ಮೇಲೆ ಟ್ಯಾಕ್ಸ್, ಏಜೆಂಟ್ ಪಾಲು. ಜುಲೈಯಲ್ಲಿ ಇದಕ್ಕೆ ಸಹಿ ಹಾಕಿದ ಮಾಲೀಕರೇ ನವೆಂಬರಿನಲ್ಲಿ ಬಂದು ಇನ್ನೂ ಜಾಸ್ತಿ ಮುಂದೂಡಿ ಅಂದರು. ಆಟಗಾರರು ಒಪ್ಪಲಿಲ್ಲ. ಸರಿಯಾಗೇ ಮಾಡಿದರು.

ಧಾರವಾಡ_ಟು_ಡೆಟ್ರಾಯಿಟ್
56 ಪಂದ್ಯ ಅಂದರೆ 82ರಲ್ಲಿ 68%. ಅವರಿಗೆ ಬಂದದ್ದು 72%. ಲೆಕ್ಕ ನೀವೇ ಮಾಡಿ ಮೇಷ್ಟ್ರೇ.

ಲೆಕ್ಕದ_ಮೇಷ್ಟ್ರು
ಮಾಡಿದ್ದೇನೆ. ಆ 72 ಕೂಡ ಕೊನೆಗೆ ಅವರದ್ದಲ್ಲ. ಆ ವರ್ಷದ ಆದಾಯದ ಅರ್ಧಕ್ಕಿಂತ ಜಾಸ್ತಿ ಆದದ್ದೆಲ್ಲ ಮತ್ತೆ ಸಾಲದ ಪುಸ್ತಕಕ್ಕೇ ಸೇರಿತು. ಮುಂದಿನ ವರ್ಷಗಳಲ್ಲಿ ಅದನ್ನು ಹಿಂದಿರುಗಿಸಿದರು. ಮಾಲೀಕರು ಕೊಟ್ಟದ್ದು ಕೈಗಡ, ದಾನ ಅಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಎಲ್ಲಿ ಅಂದರೆ, ಆ ಕೈಗಡ ತೀರಿಸಿದವರು ಯಾರು ಅನ್ನುವಲ್ಲಿ. 2020ರಲ್ಲಿ ಆಡಿ ರಿಟೈರ್ ಆದವರು ತೀರಿಸಲಿಲ್ಲ. ಕಾನರ್ ಬೆಡಾರ್ಡ್ 2020ರಲ್ಲಿ 14 ವರ್ಷದ ಹುಡುಗ. 2023ರಲ್ಲಿ ಲೀಗಿಗೆ ಬಂದಾಗ ಅವನ ಚೆಕ್ಕಿನಿಂದಲೂ ಎಸ್ಕ್ರೋ ಹಿಡಿದರು, ಅವನ ಟೀಮಿನ ಕ್ಯಾಪೂ 83.5ರಲ್ಲೇ ಇತ್ತು. ಯಾರೋ ಮಾಡಿದ ಸಾಲ, ಯಾರೋ ತೀರಿಸಿದ್ದು.

ಬ್ರ್ಯಾಂಪ್ಟನ್_ಬಸವನಗುಡಿ
ಈಗ ಅರ್ಥ ಆಗ್ತಿದೆ. ಅಂದರೆ ಕ್ಯಾಪ್ ಏರದೇ ಇದ್ದದ್ದರಿಂದ ಪೆಟ್ಟು ಸ್ಟಾರ್‌ಗಳಿಗಾ ಅಥವಾ ಎಲ್ಲರಿಗೂ ಸಮನಾಗಿಯಾ?

ಲೀಫ್ಸ್_ಲಕ್ಷ್ಮೀಶ
ಸಮ? ಖಂಡಿತ ಅಲ್ಲ. ಮಧ್ಯದವರು ಸತ್ತರು.

2020ರ ಮಾರ್ಚ್ ಮೊದಲ ವಾರ, ಅಂದರೆ ನಿಲ್ಲುವುದಕ್ಕೆ ಬರೀ ಒಂದು ವಾರ ಮುಂಚೆ, ಮುಂದಿನ ವರ್ಷದ ಕ್ಯಾಪ್ 84ರಿಂದ 88.2 ಮಿಲಿಯನ್ ಆಗಬಹುದು ಅಂತ ಲೀಗೇ ಟೀಮುಗಳಿಗೆ ಹೇಳಿತ್ತು. ಎಲ್ಲರೂ ಅದನ್ನೇ ನಂಬಿ ಲೆಕ್ಕ ಹಾಕಿದ್ದರು. ನಮ್ಮ ಟೊರೊಂಟೊ ಟೀಮ್ ಲೀಫ್ಸ್ ನೋಡಿ. ಮ್ಯಾಥ್ಯೂಸ್, ಟವಾರೆಸ್, ಮಾರ್ನರ್, ನೈಲಾಂಡರ್, ನಾಲ್ಕೇ ಜನಕ್ಕೆ 40 ಮಿಲಿಯನ್ ದಾಟಿತ್ತು. ಕ್ಯಾಪ್ ಏರುತ್ತೆ, ಆಗ ಅದು ಭಾರ ಅನ್ನಿಸಲ್ಲ ಅಂತ ಕೊಟ್ಟ ಕಾಂಟ್ರಾಕ್ಟ್‌ಗಳು. ಕ್ಯಾಪ್ ಏರಲಿಲ್ಲ. ನಾಲ್ಕು ಜನಕ್ಕೆ ಅರ್ಧ ದುಡ್ಡು, ಉಳಿದವರಿಗೆಲ್ಲ ಇನ್ನರ್ಧ. 2021ರಲ್ಲಿ ಜ್ಯಾಕ್ ಹೈಮನ್‌ನನ್ನು ಎಡ್ಮಂಟನ್‌ಗೆ ಬಿಟ್ಟುಕೊಟ್ಟೆವು. ವರ್ಷಕ್ಕೆ 5.5 ಮಿಲಿಯನ್. ಅವನು 2023-24ರಲ್ಲಿ ಅಲ್ಲಿ 54 ಗೋಲ್ ಹೊಡೆದ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಟ್ಯಾಂಪಾದ ಟೈಲರ್ ಜಾನ್ಸನ್ ಕಥೆ ನೋಡಿ. 2020ರ ಸೆಪ್ಟೆಂಬರ್ 28ಕ್ಕೆ ಕಪ್ ಎತ್ತಿದ. ಅಕ್ಟೋಬರಿನಲ್ಲಿ ಅವನನ್ನು ವೇವರ್ಸ್‌ಗೆ ಹಾಕಿದರು. ಅಂದರೆ ಬೇರೆ ಯಾವ ಟೀಮ್ ಬೇಕಾದರೂ ಸುಮ್ನೆ ಎತ್ತಿಕೊಂಡು ಹೋಗಬಹುದು. 5 ಮಿಲಿಯನ್ ಸಂಬಳ, ಕಪ್ ಗೆದ್ದ ಆಟಗಾರ. ಒಬ್ಬರೂ ಕೈ ಚಾಚಲಿಲ್ಲ! ಯಾರ ಹತ್ತಿರವೂ ಜಾಗ ಇರಲಿಲ್ಲ. ಮೈಕ್ ಹಾಫ್‌ಮನ್ ಅಂತ ಒಳ್ಳೆ ಗೋಲ್ ಹೊಡೆಯುವವನು ಕಾಂಟ್ರಾಕ್ಟ್ ಇಲ್ಲದೆ ಬರೀ ಟ್ರೈಔಟ್ ಮೇಲೆ ಸೇಂಟ್ ಲೂಯಿಸ್ ಕ್ಯಾಂಪಿಗೆ ಹೋಗಬೇಕಾಯಿತು.

ಹಬ್ಸ್_ಅಭಿಮಾನಿ
ಟ್ಯಾಂಪಾ ಅಂದಿರಿ, ಸುಮ್ಮನಿರಲು ಆಗಲ್ಲ. ಎಲ್ಲರೂ ಆಟಗಾರರನ್ನು ಕಳೆದುಕೊಳ್ಳುತ್ತಿದ್ದಾಗ ಅವರು ತಮ್ಮ ಸ್ಟಾರ್ ಆಟಗಾರ ಕುಚೆರೋವ್‌ನನ್ನು ಗಾಯಾಳು ಪಟ್ಟಿಯಲ್ಲಿ ಇಟ್ಟು ಕ್ಯಾಪಿನಲ್ಲಿ ಜಾಗ ಮಾಡಿಕೊಂಡರು. ಆ ಕಾಲದಲ್ಲಿ ಪ್ಲೇಆಫಿಗೆ ಕ್ಯಾಪ್ ಲೆಕ್ಕ ಇರಲಿಲ್ಲ, ಆಗ ವಾಪಸ್ ಕರೆತಂದರು. 2021ರಲ್ಲಿ ಮಿತಿಗಿಂತ ಸುಮಾರು 18 ಮಿಲಿಯನ್ ಜಾಸ್ತಿ ಬೆಲೆಯ ಟೀಮಿನ ಜೊತೆ ನಮ್ಮ ಮಾಂಟ್ರಿಯಲ್ ಫೈನಲ್ ಆಡಿದ್ದು.

ಲೀಫ್ಸ್_ಲಕ್ಷ್ಮೀಶ
ನಿಯಮದೊಳಗೇ ಮಾಡಿದರು. ಸೊಂಟದ ಆಪರೇಷನ್ ನಿಜವಾಗಿಯೂ ಆಗಿತ್ತು. ನಮ್ಮನ್ನು ಮೊದಲ ಸುತ್ತಿನಲ್ಲೇ ಸೋಲಿಸಿದ ಟೀಮಿನವರು ನೀವು, ದೂರು ಹೇಳಬೇಡಿ!

ಹುಬ್ಬಳ್ಳಿ_ಹುಡುಗಿ_ಬಾಸ್ಟನ್
ಎನ್‌ಎಚ್‌ಎಲ್ ಬಿಟ್ಟು ಕೆಳಗಿನವರನ್ನೂ ಸ್ವಲ್ಪ ನೋಡಿ. ಮೂರನೇ ಹಂತದ ಲೀಗ್ ಇಸಿಎಚ್‌ಎಲ್ ಎರಡು ದಿನದೊಳಗೆ, ಮಾರ್ಚ್ 14ಕ್ಕೇ ಸೀಸನ್ ರದ್ದು ಮಾಡಿತು. ಅಲ್ಲಿ ವಾರದ ಸಂಬಳ. ಸೀಸನ್ ಇಲ್ಲ ಅಂದರೆ ಮುಂದಿನ ವಾರದ ಸಂಬಳ ಇಲ್ಲ. ಅವರಿಗೆ ಎಸ್ಕ್ರೋ ಜಗಳ ಮಾಡುವ ಭಾಗ್ಯವೂ ಇರಲಿಲ್ಲ. ಎರಡನೇ ಹಂತದ ಎಎಚ್‌ಎಲ್ ಮೇ 11ಕ್ಕೆ ರದ್ದಾಯಿತು. ಮುಂದಿನ ವರ್ಷ ಶಾರ್ಲೆಟ್, ಮಿಲ್ವಾಕಿ, ಸ್ಪ್ರಿಂಗ್‌ಫೀಲ್ಡ್ ಮೂರು ಟೀಮ್ ಆಡುವುದೇ ಇಲ್ಲ ಅಂದವು. ಜನ ಬರದಿದ್ದರೆ ಬಾಗಿಲು ತೆರೆದಷ್ಟೂ ನಷ್ಟ. ಆ ಲೀಗಿನ ಕಾಲ್ಡರ್ ಕಪ್ ಎರಡು ವರ್ಷ ಯಾರಿಗೂ ಸಿಗಲಿಲ್ಲ.

ಹೆಂಗಸರ ಲೀಗ್ ಪಾಡು ಇನ್ನೂ ಕಷ್ಟ. 2020ರ ಫೈನಲ್ ನಮ್ಮ ಬಾಸ್ಟನ್ ಪ್ರೈಡ್ ಮತ್ತು ಮಿನ್ನೆಸೋಟ ನಡುವೆ ಆಗಬೇಕಿತ್ತು, ಆಗಲೇ ಇಲ್ಲ. 2021ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಬಬಲ್ ಮಾಡಿದರು. ಸೆಮಿಫೈನಲ್ ಹಿಂದಿನ ದಿನ ಕೋವಿಡ್ ಬಂದು ನಿಲ್ಲಿಸಿದರು. ಮೊದಲ ಬಾರಿ ರಾಷ್ಟ್ರೀಯ ಟಿವಿಯಲ್ಲಿ ಬರಬೇಕಿದ್ದ ಪಂದ್ಯಗಳು ಅವು. ದೊಡ್ಡ ಲೀಗಿಗೆ ಸಾಲ ಕೊಡುವವರು ಸಿಕ್ಕರು, ಇವರಿಗೆ ಯಾರು ಕೊಡುತ್ತಾರೆ? ಮಾರ್ಚಿನಲ್ಲಿ ಬಾಸ್ಟನ್ನಿನಲ್ಲೇ ಮುಗಿಸಿದರು, ಪ್ರೈಡ್ ಗೆದ್ದಿತು. ಆ ಹುಡುಗಿಯರಲ್ಲಿ ಬಹಳ ಜನ ಹಗಲು ಬೇರೆ ಕೆಲಸ ಮಾಡಿ ರಾತ್ರಿ ಪ್ರಾಕ್ಟೀಸಿಗೆ ಬರುತ್ತಿದ್ದವರು.

ಮ್ಯೂನಿಕ್_ಮೈಸೂರು
ಜರ್ಮನಿಯ ಐಸ್ ಹಾಕಿ ಲೀಗ್ ಡಿಇಎಲ್ ಇನ್ನೂ ಮುಂಚೆ, ಮಾರ್ಚ್ 10ಕ್ಕೇ ಪ್ಲೇಆಫ್ ರದ್ದು ಮಾಡಿತು. ಆ ವರ್ಷ ಚಾಂಪಿಯನ್ನೇ ಇಲ್ಲ. ಇಲ್ಲೂ ಗೇಟ್ ದುಡ್ಡಿನ ಮೇಲೇ ಬದುಕು. ಮುಂದಿನ ಸೀಸನ್ ಡಿಸೆಂಬರ್‌ವರೆಗೆ ಶುರುವಾಗಲಿಲ್ಲ.

ನಾಪೋಕ್ಲು_ಸ್ಟಿಕ್
ಮಂಜಿನ ಹಾಕಿ ನಮಗೆ ಗೊತ್ತಿಲ್ಲ, ಹುಲ್ಲಿನ ಹಾಕಿ ಗೊತ್ತು. ಕೊಡವ ಕುಟುಂಬಗಳ ಹಾಕಿ ಹಬ್ಬವೂ ಹೀಗೇ ನಿಂತಿತ್ತು. 2018ರ ಮಳೆ, ಭೂಕುಸಿತದ ನಂತರ ನಿಂತದ್ದು, ಆಮೇಲೆ ಕೋವಿಡ್. 2023ರಲ್ಲಿ ನಮ್ಮ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕಪ್ ಆದಾಗಲೇ ಮತ್ತೆ ಶುರು. ಅಲ್ಲಿ ಆಟಗಾರರಿಗೆ ಸಂಬಳ ಇಲ್ಲ. ಆದರೆ ಮೈದಾನದ ಸುತ್ತ ಅಂಗಡಿ ಹಾಕುವವರು, ಜೀಪಿನವರು, ಹೋಂಸ್ಟೇಯವರು ಆ ಒಂದು ತಿಂಗಳನ್ನು ಕಾಯುತ್ತಿರುತ್ತಾರೆ. ಎಡ್ಮಂಟನ್‌ನವರು ಬರೆದದ್ದು ಓದಿ ಅವರೇ ನೆನಪಾದರು.

ಹಾಸನದ_ಹುಡುಗ
ಅಣ್ಣಾ, ಮುಂದಿನ ಕಪ್ಪಿಗೆ ಬರ್ತೀವಿ, ಊಟ ಹಾಕಿಸಿ.

ನಾಪೋಕ್ಲು_ಸ್ಟಿಕ್
ಬನ್ನಿ ಬನ್ನಿ. ಪಂದಿ ಕರಿ, ಕಡಂಬಟ್ಟು ಗ್ಯಾರಂಟಿ.

ಹಳೇ_ಪುಟ
ಮಹಾಮಾರಿಯಿಂದ ಹಾಕಿ ನಿಂತದ್ದು ಇದೇ ಮೊದಲಲ್ಲ. 1919ರಲ್ಲಿ ಸ್ಪ್ಯಾನಿಷ್ ಫ್ಲೂ ಇದ್ದಾಗ ಸಿಯಾಟಲ್‌ನಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ಮತ್ತು ಸಿಯಾಟಲ್ ಮೆಟ್ರೊಪಾಲಿಟನ್ಸ್ ನಡುವೆ ಸ್ಟ್ಯಾನ್ಲಿ ಕಪ್ ಫೈನಲ್. ಐದು ಪಂದ್ಯ ಆಗಿತ್ತು, ಎರಡೆರಡು ಗೆಲುವು, ಒಂದು ಸಮ. ಆರನೆಯದಕ್ಕೆ ಮಾಂಟ್ರಿಯಲ್‌ನಲ್ಲಿ ನಿಲ್ಲುವಷ್ಟು ಆಟಗಾರರೇ ಇರಲಿಲ್ಲ. ಸರಣಿ ಕೈಬಿಟ್ಟರು. ಕೆಲವೇ ದಿನಕ್ಕೆ, ಏಪ್ರಿಲ್ 5ರಂದು, ಜೋ ಹಾಲ್ ಆಸ್ಪತ್ರೆಯಲ್ಲಿ ತೀರಿಕೊಂಡ. ಟೀಮಿನ ಮಾಲೀಕ ಜಾರ್ಜ್ ಕೆನಡಿಗೂ ಜ್ವರ ಬಂದಿತ್ತು, ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ, 1921ರಲ್ಲಿ ಹೋದ. ಆಮೇಲೆ ಕೆನೇಡಿಯನ್ಸ್ ಟೀಮನ್ನು 11,000 ಡಾಲರಿಗೆ ಮಾರಿದರು. ಇಡೀ ಟೀಮು!

ಧಾರವಾಡ_ಟು_ಡೆಟ್ರಾಯಿಟ್
11 ಸಾವಿರ! ಒಳ್ಳೆ ಮಾಹಿತಿ ಸಾರ್.

ಎಡ್ಮಂಟನ್_ಸಂಜೆಪಾಳಿ
ಆಗ ಇಡೀ ಟೀಮಿಗೆ 11 ಸಾವಿರ. ಈ ಸಲ ಏನಾಯಿತು ನೋಡಿ. ಹೊಸ ಟೀಮ್ ಸಿಯಾಟಲ್ ಕ್ರಾಕನ್ ಲೀಗ್ ಸೇರುವುದಕ್ಕೆ 650 ಮಿಲಿಯನ್ ಕಟ್ಟಿತು. ಆ ದುಡ್ಡು ಮಾಲೀಕರು ಹಂಚಿಕೊಂಡರು, ಅದು ಐವತ್ತು-ಐವತ್ತು ಲೆಕ್ಕಕ್ಕೆ ಬರಲ್ಲ, ಆಟಗಾರರಿಗೆ ಒಂದು ಪೈಸೆ ಇಲ್ಲ. 2023ರಲ್ಲಿ ಒಟ್ಟಾವಾ 950 ಮಿಲಿಯನ್ನಿಗೆ ಮಾರಾಟ ಆಯಿತು. ವರ್ಷಾನುಗಟ್ಟಲೆ ನಷ್ಟದಲ್ಲಿದ್ದ ಅರಿಜೋನಾ ಕೂಡ 2024ರಲ್ಲಿ ಯೂಟಾಗೆ ಹೋಗುವಾಗ 1.2 ಬಿಲಿಯನ್. ನಷ್ಟ ಆಯಿತು ಅಂತೀರಿ, ಎರಡು ವರ್ಷದ ಗಲ್ಲಾದಲ್ಲಿ ಆಯಿತು, ಒಪ್ಪುತ್ತೇನೆ. ಆಸ್ತಿ ಬೆಲೆ ಬೆಳೆಯುತ್ತಲೇ ಹೋಯಿತಲ್ಲ?

ಧಾರವಾಡ_ಟು_ಡೆಟ್ರಾಯಿಟ್
ಆಸ್ತಿ ಬೆಲೆ ಮಾರಿದಾಗ ಮಾತ್ರ ಕೈಗೆ ಬರುವುದು. ಪ್ರತಿ ತಿಂಗಳ ಅರೀನಾ ಬಡ್ಡಿ, ಕರೆಂಟು, ಐಸ್ ಖರ್ಚು ನಗದಿನಲ್ಲೇ ಕೊಡಬೇಕು. ಕೆನಡಾ ಟೀಮುಗಳಿಗೆ ಇನ್ನೊಂದು ಕಷ್ಟ, ದುಡಿಯುವುದು ಕೆನಡಾ ಡಾಲರಿನಲ್ಲಿ, ಸಂಬಳ ಕೊಡುವುದು ಅಮೆರಿಕ ಡಾಲರಿನಲ್ಲಿ. ವಿನಿಪೆಗ್ ನೋಡಿ, ಕೋವಿಡ್ ಕಳೆದ ಮೇಲೂ ಸೀಸನ್ ಟಿಕೆಟ್‌ನವರು ಎಲ್ಲಾ ವಾಪಸ್ ಬರಲಿಲ್ಲ. 13,000 ಹತ್ತಿರ ಇದ್ದದ್ದು 9,500ರ ಸುಮಾರಿಗೆ ಇಳಿದಿತ್ತು. ಒಮ್ಮೆ ಮನೆಯಲ್ಲೇ ಕೂತು ನೋಡುವ ಅಭ್ಯಾಸ ಆದವರನ್ನು ಮತ್ತೆ ಕರೆತರುವುದು ಸುಲಭ ಅಲ್ಲ.

ಎಡ್ಮಂಟನ್_ಸಂಜೆಪಾಳಿ
ಆ ವಿನಿಪೆಗ್ ಮಾತು ಒಪ್ಪುತ್ತೇನೆ. ಸಣ್ಣ ಊರು, ಪ್ರತಿ ಕುರ್ಚಿಯೂ ಮುಖ್ಯ. ಆದರೆ ಎಲ್ಲರನ್ನೂ ವಿನಿಪೆಗ್ ಹಿಂದೆ ಬಚ್ಚಿಡಬೇಡಿ. ಹೆಲ್ಮೆಟ್ ಮೇಲೆ ಜಾಹೀರಾತು ಬಂದದ್ದು ಯಾವಾಗ? 2021ರಲ್ಲಿ. ನಷ್ಟ ತುಂಬಲು ಅಂದರು. ಆಮೇಲೆ ಜೆರ್ಸಿ ಮೇಲೂ ಬಂತು. ನಷ್ಟ ತುಂಬಿತು, ಜಾಹೀರಾತು ಹೋಯಿತಾ?

ಲೆಕ್ಕದ_ಮೇಷ್ಟ್ರು
ಆ ಜಾಹೀರಾತಿನ ದುಡ್ಡಿನಲ್ಲಿ ಆಟಗಾರರಿಗೂ ಅರ್ಧ ಪಾಲಿದೆ, ಅದು ನೆನಪಿರಲಿ. ಸಾಲ ಬೇಗ ತೀರಿದ್ದಕ್ಕೆ ಅದೂ ಒಂದು ಕಾರಣ. 2021ರಲ್ಲಿ ಇಎಸ್‌ಪಿಎನ್, ಟರ್ನರ್ ಜೊತೆ ಆದ ಹೊಸ ಟಿವಿ ಒಪ್ಪಂದ ಇನ್ನೂ ದೊಡ್ಡ ಕಾರಣ. ಎರಡೂ ಸೇರಿ ಎನ್‌ಬಿಸಿ ಕೊಡುತ್ತಿದ್ದದ್ದರ ಮೂರು ಪಟ್ಟು ಹತ್ತಿರ. ಆದರೆ ಕೌಂಟರಿನವರ ಪಾಲು ಯಾವ ಒಪ್ಪಂದದಲ್ಲೂ ಇಲ್ಲ ಅನ್ನುವುದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಬ್ರ್ಯಾಂಪ್ಟನ್_ಬಸವನಗುಡಿ
ನಾಳೆ ಆಫೀಸಿನಲ್ಲಿ ಇಬ್ಬರಿಗೂ ಇದನ್ನೇ ಕನ್ನಡದಿಂದ ಅನುವಾದ ಮಾಡಿ ಹೇಳ್ತೀನಿ. ಕೊನೆಯದೊಂದು ಪ್ರಶ್ನೆ. 2026ರಿಂದ ಶುರುವಾಗುವ ಹೊಸ ಒಪ್ಪಂದದಲ್ಲಿ 82ರ ಬದಲು 84 ಪಂದ್ಯ ಅಂತ ಓದಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಕ್ಯಾಲ್ಗರಿ_ಚಳಿ
ಕೋವಿಡ್ ಸಾಲಕ್ಕೆ ನೇರ ಸಂಬಂಧ ಇಲ್ಲ, ಅದು ತೀರಿದೆ. ಇದು ಗೇಟ್ ದುಡ್ಡಿನ ಲೆಕ್ಕ. ಸೀಸನ್ನಿಗೆ ಮುಂಚಿನ ಅಭ್ಯಾಸ ಪಂದ್ಯಗಳನ್ನು ನಾಲ್ಕಕ್ಕೆ ಇಳಿಸಿ, ಟಿಕೆಟ್ ಪೂರ್ತಿ ಬೆಲೆಗೆ ಹೋಗುವ ಪಂದ್ಯವನ್ನು ಎರಡು ಜಾಸ್ತಿ ಮಾಡಿದ್ದಾರೆ. ಪ್ರತಿ ಟೀಮಿಗೆ ಮನೆಯಂಗಳದಲ್ಲಿ ಒಂದು ರಾತ್ರಿ ಹೆಚ್ಚು.

ಎಡ್ಮಂಟನ್_ಸಂಜೆಪಾಳಿ
ಕೌಂಟರಿನವರಿಗೂ ಒಂದು ಪಾಳಿ ಹೆಚ್ಚು. ಅಭ್ಯಾಸ ಪಂದ್ಯಕ್ಕೆ ಜನ ಬರಲ್ಲ, ಟಿಪ್ಸೂ ಇಲ್ಲ. ಇದಕ್ಕೆ ನನ್ನ ಓಟು.